ಗೆಂಜಿಯ ಗುಟ್ಟು

ನೀತಿಯ ಗೆರೆ ದಾಟಿದವರ ಕಥೆ ನಮ್ಮನ್ನೇಕೆ ಸೆಳೆಯುತ್ತದೆ? ಅದು ಬರಿಯ ಚಾಪಲ್ಯವೆಂದು ತಳ್ಳಿಹಾಕುವುದು ಸುಲಭ. ಜಪಾನಿನ ಕಥಾಸಾಹಿತ್ಯದ ಮೊದಲ ಮಹಾಕೃತಿ ಬೇರೊಂದು ಉತ್ತರ ಕೊಡುತ್ತದೆ.

ಹನ್ನೊಂದನೆಯ ಶತಮಾನದ ಆದಿಯಲ್ಲಿ, ರಾಣಿವಾಸದ ಸೇವೆಯಲ್ಲಿದ್ದ ಮುರಸಾಕಿ ಶಿಕಿಬು ಎಂಬಾಕೆ ‘ಗೆಂಜಿಯ ಕಥೆ’ಯನ್ನು ಬರೆದಳು. ಅದರಲ್ಲಿ 54 ಅಧ್ಯಾಯಗಳಿವೆ. ನಾಯಕನಾದ ಗೆಂಜಿ ಚಕ್ರವರ್ತಿಯ ಮಗ; ಎಳೆವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡವನು. ಮಡಿದ ಆ ಮಡದಿಯನ್ನು ಹೋಲುತ್ತಾಳೆಂದು ಚಕ್ರವರ್ತಿ ಫುಜಿತ್ಸುಬೊ ಎಂಬ ರಾಜಕುಮಾರಿಯನ್ನು ಅಂತಃಪುರಕ್ಕೆ ಕರೆತರುತ್ತಾನೆ. ಅದೇ ಹೋಲಿಕೆ ಗೆಂಜಿಯನ್ನೂ ಸೆಳೆಯುತ್ತದೆ. ಮಲತಾಯಿಯಲ್ಲಿ ಅವನಿಗೊಂದು ಮಗು ಹುಟ್ಟುತ್ತದೆ. ಅದು ತನ್ನದೆಂದೇ ಬಗೆದ ಚಕ್ರವರ್ತಿ, ಕೂಸನ್ನು ಗೆಂಜಿಗೆ ತೋರಿಸಿ, ಎಷ್ಟೊಂದು ನಿನ್ನಂತೆಯೇ ಇದೆಯೆಂದು ಹಿಗ್ಗುತ್ತಾನೆ! ಮುಂದೆ ಆ ಮಗುವೇ ಸಿಂಹಾಸನವನ್ನೇರುತ್ತದೆ.

ಲೇಖಕಿ ಇಲ್ಲಿ ಧರ್ಮೋಪದೇಶಕ್ಕೆ ತೊಡಗುವುದಿಲ್ಲ. ಪಾಪಕ್ಕೆ ಬಣ್ಣ ಬಳಿಯುವುದೂ ಇಲ್ಲ. ಫುಜಿತ್ಸುಬೊ ಭಿಕ್ಷುಣಿಯಾಗುತ್ತಾಳೆ. ಗೆಂಜಿ ಪದವಿಯ ಮೇಲೆ ಪದವಿಗೇರುತ್ತಾನೆ. ಆದರೆ ನಡುವಯಸ್ಸು ದಾಟಿದ ಮೇಲೆ, ಅವನ ಕಿರಿಯ ಹೆಂಡತಿಗೆ ಪರಪುರುಷನೊಬ್ಬ ಬರೆದ ಓಲೆ ಅವನ ಕೈಗೆ ಸಿಕ್ಕುತ್ತದೆ. ತನ್ನ ತಂದೆಯೂ ಹೀಗೆಯೇ ಎಲ್ಲವನ್ನೂ ಅರಿತು ಸುಮ್ಮನಿದ್ದನೆ ಎಂಬ ಶಂಕೆ ಅವನನ್ನು ಕೊರೆಯತೊಡಗುತ್ತದೆ. ಅವಳು ಹೆತ್ತ ಕೂಸನ್ನು ಲೋಕದೆದುರು ತನ್ನದೆಂದೇ ಎತ್ತಿಕೊಳ್ಳುವುದು ಅವನ ಪಾಲಿಗೆ ಬರುತ್ತದೆ.

ಈ ಗುಟ್ಟಿಗೆ ಇಪ್ಪತ್ತನೆಯ ಶತಮಾನದಲ್ಲಿಯೂ ಒಂದು ಚರಿತ್ರೆಯುಂಟು. ಪ್ರಸಿದ್ಧ ಕಾದಂಬರಿಕಾರ ತಾನಿಜಾಕಿ ಜುನ್‌ಇಚಿರೊ ಅವರು ಈ ಹಳೆಯ ಕೃತಿಯನ್ನು ಆಧುನಿಕ ಜಪಾನಿ ಭಾಷೆಗೆ ತಂದರು. ಅದು 1939ರಿಂದ 1941ರವರೆಗೆ ಸಂಪುಟ ಸಂಪುಟವಾಗಿ ಪ್ರಕಟವಾಯಿತು. ಅದು ಯುದ್ಧದ ಕಾಲ. ಚಕ್ರವರ್ತಿಯನ್ನು ದೈವವೆಂದು ಆರಾಧಿಸುತ್ತಿದ್ದ ಕಾಲ. ಕಳ್ಳಬಸಿರಿನ ಮಗನೊಬ್ಬ ಸಿಂಹಾಸನವನ್ನೇರಿದನೆಂಬ ಕಥೆಗೆ ಅಲ್ಲಿ ಎಡೆಯೆಲ್ಲಿ? ಫುಜಿತ್ಸುಬೊವಿನ ಪ್ರಸಂಗವನ್ನು ಬಿಟ್ಟೇ ಗ್ರಂಥ ಹೊರಬಂದಿತು.

ಬಿಟ್ಟುದು ಕೆಲವು ಪುಟಗಳಷ್ಟೇ ಎನ್ನಬಹುದು. ಆದರೆ ಪಾಪದೊಡನೆ ಪಶ್ಚಾತ್ತಾಪವೂ ಹೊರಟುಹೋಯಿತು. ಗೆಂಜಿ ಕೊನೆಯಲ್ಲಿ ಎತ್ತಿಕೊಳ್ಳುವ ಕೂಸು, ಮೊದಲ ಕೂಸಿಲ್ಲದೆ ಹೋದರೆ, ಮೋಸಹೋದ ಗಂಡನೊಬ್ಬನ ಸಂಕಟ ಮಾತ್ರ. ಮೊದಲ ಕೂಸಿದ್ದರೆ ಅದು ಒಬ್ಬ ಮನುಷ್ಯ ತನ್ನನ್ನು ತಾನು ಕಂಡುಕೊಂಡ ಗಳಿಗೆ. ನೀತಿಯ ಹೆಸರಿನಲ್ಲಿ ಕತ್ತರಿಯಾಡಿಸಿದವರು ಕತ್ತರಿಸಿದ್ದು ಕೃತಿಯ ನೈತಿಕ ಪ್ರಜ್ಞೆಯನ್ನೇ.

ಯುದ್ಧ ಮುಗಿದ ಮೇಲೆ ತಾನಿಜಾಕಿ ಸುಮ್ಮನೆ ಕೂರಲಿಲ್ಲ. 1951ರಿಂದ 1954ರವರೆಗೆ ಪ್ರಕಟವಾದ ಹೊಸ ಅನುವಾದದಲ್ಲಿ ಬಿಟ್ಟ ಭಾಗಗಳನ್ನು ಮರಳಿ ಸೇರಿಸಿದರು. ಗೆಂಜಿಗೆ ಅವನ ಪಾಪ ಹಿಂದಿರುಗಿ ಬಂದಿತು. ಅದರೊಡನೆ ಅವನ ಮನುಷ್ಯತ್ವವೂ.