ರಜೆ ಹಾಕಿದ ಹೆಂಗಸರು, ನಿಂತುಹೋದ ದೇಶ

1975ರ ಅಕ್ಟೋಬರ್ 24, ಶುಕ್ರವಾರ. ಐಸ್‌ಲ್ಯಾಂಡ್ ಅನ್ನೋ ಪುಟ್ಟ ದೇಶ. ಆಗ ಜನಸಂಖ್ಯೆ ಸುಮಾರು 2.2 ಲಕ್ಷ, ನಮ್ಮ ಒಂದು ತಾಲೂಕಿನಷ್ಟು. ಅವತ್ತು ರೇಡಿಯೋದಲ್ಲಿ ವಾರ್ತೆ ಓದೋರ ದನಿಯ ಹಿಂದೆ ಮಕ್ಕಳು ಆಡೋ ಸದ್ದು ಕೇಳಿಸ್ತಿತ್ತಂತೆ. ನ್ಯೂಸ್ ಸ್ಟುಡಿಯೋದಲ್ಲಿ ಮಕ್ಕಳಿಗೇನು ಕೆಲಸ? ಬೇರೆ ದಾರಿ ಇರಲಿಲ್ಲ. ಅಮ್ಮಂದಿರೆಲ್ಲ ರಜೆ ಹಾಕಿದ್ದರು.

ಆ ದೇಶದ ಶೇಕಡಾ 90ರಷ್ಟು ಹೆಂಗಸರು ಅವತ್ತು ಕೆಲಸ ಮಾಡಲಿಲ್ಲ. ಆಫೀಸಿಗೂ ಹೋಗಲಿಲ್ಲ, ಅಡುಗೆಮನೆಗೂ ಹೋಗಲಿಲ್ಲ. ರಾಜಧಾನಿ ರೇಕ್ಯಾವಿಕ್‌ನ ಚೌಕದಲ್ಲಿ ಸುಮಾರು 25 ಸಾವಿರ ಮಂದಿ ಸೇರಿದರು. ಶಾಲೆ, ಅಂಗಡಿ, ಮೀನಿನ ಕಾರ್ಖಾನೆ ಎಷ್ಟೋ ಕಡೆ ಬಂದ್. ಗಂಡಸರು ಮಕ್ಕಳನ್ನ ಕಟ್ಟಿಕೊಂಡು ಕೆಲಸಕ್ಕೆ ಹೋದರು. ಬೇಗ ಬೇಯುತ್ತೆ ಅಂತ ಸಾಸೇಜ್ ಕೊಳ್ಳೋಕೆ ಮುಗಿಬಿದ್ದರು, ಅಂಗಡಿಗಳಲ್ಲಿ ಸ್ಟಾಕೇ ಖಾಲಿ! ಹೆಂಗಸರು ಇದಕ್ಕೆ ‘ಮುಷ್ಕರ’ ಅನ್ನಲಿಲ್ಲ, ‘ರಜೆ’ ಅಂದರು. ಮುಷ್ಕರ ಅಂದ್ರೆ ಹೆದರೋರು ರಜೆಗೆ ಹೆದರಲ್ಲವಲ್ಲ.

ಈಗ ಪ್ರಶ್ನೆ. ಕೆಲಸ ನಿಂತರೆ ದೇಶವೇ ನಿಲ್ಲುತ್ತೆ ಅನ್ನೋದಾದ್ರೆ, ಆ ಕೆಲಸ ದೇಶದ ಲೆಕ್ಕದಲ್ಲಿ ಯಾಕಿಲ್ಲ?

ನಾನು ಎಂಜಿನಿಯರಿಂಗ್ ಓದಿದವನು. ಥರ್ಮೋಡೈನಮಿಕ್ಸ್‌ನಲ್ಲಿ ಮೊದಲು ಹೇಳಿಕೊಡೋದೇ ಸಿಸ್ಟಂ ಬೌಂಡರಿ ಎಳೆಯೋದು. ಗೆರೆಯ ಒಳಗಿದ್ದದ್ದಕ್ಕೆ ಮಾತ್ರ ಲೆಕ್ಕ. ಗೆರೆ ತಪ್ಪಾಗಿ ಎಳೆದ್ರೆ ಉತ್ತರವೂ ತಪ್ಪು. ಜಿಡಿಪಿಗೂ ಅಂಥದ್ದೇ ಒಂದು ಗೆರೆ ಇದೆ. ಅದರ ಹೆಸರು ಉತ್ಪಾದನಾ ಗಡಿ. 1953ರಲ್ಲಿ ವಿಶ್ವಸಂಸ್ಥೆ ರಾಷ್ಟ್ರೀಯ ಲೆಕ್ಕಪತ್ರಗಳ ಪದ್ಧತಿಯನ್ನ ಪ್ರಕಟಿಸಿತು. ಅದರ ಹಿಂದಿದ್ದ ಬ್ರಿಟನ್ನಿನ ರಿಚರ್ಡ್ ಸ್ಟೋನ್‌ಗೆ 1984ರಲ್ಲಿ ನೊಬೆಲ್ ಬಂತು. ಆ ಪದ್ಧತಿಯಲ್ಲಿ ಮನೆಯವರಿಗಾಗಿ ಮಾಡೋ ಅಡುಗೆ, ಮಗು ಸಾಕೋದು, ಹಾಸಿಗೆ ಹಿಡಿದವರ ಆರೈಕೆ ಗೆರೆಯ ಹೊರಗುಳಿದವು. ಇವತ್ತಿಗೂ ಹೊರಗೇ ಇವೆ.

ಯಾರೂ ಹೇಳಲಿಲ್ವಾ? ಹೇಳಿದ್ರು. ಸ್ಟೋನ್ ಜೊತೆಗೇ ಕೆಲಸ ಮಾಡಿದ ಫಿಲ್ಲಿಸ್ ಡೀನ್ ಅನ್ನೋ ಯುವತಿ 1940ರ ದಶಕದಲ್ಲಿ ಆಫ್ರಿಕಾದ ಹಳ್ಳಿಗಳಿಗೆ, ಇವತ್ತಿನ ಜಾಂಬಿಯಾ ಮತ್ತು ಮಲಾವಿಗೆ, ಹೋಗಿ ನೋಡಿದರು. ಹೆಂಗಸರು ಸೌದೆ ತರೋದು, ಅಡುಗೆ ಮಾಡೋದು ಬಿಟ್ಟು ಈ ಊರುಗಳ ಆದಾಯ ಲೆಕ್ಕ ಹಾಕೋದು ಅರ್ಥವಿಲ್ಲದ್ದು ಅಂತ ವಾದಿಸಿದರು. ಅವರ ಮಾತು ಕೇಳಲಿಲ್ಲ. ಅದಕ್ಕೂ ಮೊದಲೇ, 1920ರಲ್ಲಿ, ಅರ್ಥಶಾಸ್ತ್ರಜ್ಞ ಪಿಗೂ ಒಂದು ವಿಚಿತ್ರ ತೋರಿಸಿದ್ದರು: ಮನೆಗೆಲಸದಾಕೆಯನ್ನ ಯಜಮಾನ ಮದುವೆಯಾದರೆ ರಾಷ್ಟ್ರೀಯ ಆದಾಯ ಇಳಿಯುತ್ತೆ! ಕೆಲಸ ಅದೇ, ಸಂಬಳ ಮಾತ್ರ ನಿಂತಿತು.

1972ರಲ್ಲಿ ಇಟಲಿಯ ಪಾದುವಾದಲ್ಲಿ ಸೆಲ್ಮಾ ಜೇಮ್ಸ್, ಮರಿಯಾರೋಸಾ ದಲ್ಲಾ ಕೋಸ್ತಾ, ಸಿಲ್ವಿಯಾ ಫೆಡೆರಿಚಿ ಮತ್ತು ಸಂಗಾತಿಗಳು ನೇರವಾಗೇ ಕೇಳಿದರು: ಮನೆಗೆಲಸಕ್ಕೆ ಕೂಲಿ ಕೊಡಿ. ಕಾರ್ಮಿಕ ನಾಳೆ ಬೆಳಿಗ್ಗೆ ಉಂಡು, ಇಸ್ತ್ರಿ ಬಟ್ಟೆ ಹಾಕಿ ಕಾರ್ಖಾನೆಗೆ ಬರ್ತಾನೆ ಅಂದ್ರೆ ಅದರ ಖರ್ಚು ಮಾಲೀಕ ಕೊಟ್ಟಿಲ್ಲ, ಹೆಂಡತಿ ಕೊಟ್ಟಿದ್ದಾಳೆ ಅನ್ನೋದು ಅವರ ವಾದ. ಕೆಲವು ಸ್ತ್ರೀವಾದಿಗಳೇ ಇದನ್ನ ಒಪ್ಪಲಿಲ್ಲ. ಕೂಲಿ ಕೊಟ್ರೆ ಹೆಣ್ಣು ಅಡುಗೆಮನೆಗೇ ಖಾಯಂ ಆಗ್ತಾಳೆ ಅಂದರು. ಆ ಭಯವೂ ಸುಳ್ಳಲ್ಲ. ಆಮೇಲೆ ನ್ಯೂಜಿಲೆಂಡ್‌ನ ಮರಿಲಿನ್ ವೇರಿಂಗ್. 1975ರಲ್ಲಿ 23ನೇ ವಯಸ್ಸಿಗೆ ಸಂಸದೆ ಆದವರು. ಸರ್ಕಾರದ ಖರ್ಚುವೆಚ್ಚ ನೋಡೋ ಸಮಿತಿಯ ಅಧ್ಯಕ್ಷೆಯಾಗಿ ಈ ಲೆಕ್ಕದ ಒಳಗುಟ್ಟು ಕಂಡು, 1988ರಲ್ಲಿ ಪುಸ್ತಕವನ್ನೇ ಬರೆದರು.

ದೂರದ ಕತೆ ಬಿಡಿ ಅಂತೀರಾ? ನಮ್ಮ 2001ರ ಜನಗಣತಿ ಗೃಹಿಣಿಯರನ್ನ ‘ಕೆಲಸ ಮಾಡದವರು’ ಅಂತ ಭಿಕ್ಷುಕರು, ಕೈದಿಗಳ ಸಾಲಿಗೆ ಸೇರಿಸಿತ್ತು. 2010ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತ ಒಬ್ಬ ಗೃಹಿಣಿಯ ಪರಿಹಾರದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನ ಕಟುವಾಗಿ ಟೀಕಿಸಿತು. ನೋಡಿ, ಹೆಣ್ಣಿನ ಕೆಲಸದ ಬೆಲೆ ಕೋರ್ಟಿನಲ್ಲಿ ಚರ್ಚೆ ಆಗಬೇಕಾದ್ರೆ ಅವಳು ಸಾಯಬೇಕು.

2024ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ ಹೇಳುತ್ತೆ: ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ. ಇಡೀ ಜಗತ್ತಿನಲ್ಲಿ ಇಂಥ ದುಡಿಮೆ ದಿನಕ್ಕೆ 1,640 ಕೋಟಿ ಗಂಟೆ ಅಂತ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2018ರಲ್ಲಿ ಅಂದಾಜಿಸಿತು. ಅದರ ಮುಕ್ಕಾಲು ಪಾಲು ಹೆಂಗಸರದ್ದು. ನಮ್ಮ ರಾಜ್ಯದಲ್ಲಿ 2023ರಿಂದ ಗೃಹಲಕ್ಷ್ಮಿ ತಿಂಗಳಿಗೆ 2,000 ರೂಪಾಯಿ ಕೊಡ್ತಿದೆ. ಅದನ್ನ ಸಹಾಯ ಅಂತಾರೆ, ಬಿಟ್ಟಿ ಭಾಗ್ಯ ಅಂತ ಆಡಿಕೊಳ್ಳೋರೂ ಇದ್ದಾರೆ. ಬಿಟ್ಟಿಯಾಗಿ ಸಿಗ್ತಿರೋದು ಯಾರಿಗೆ ಅಂತ ಈ 289 ನಿಮಿಷ ನೋಡಿ ಹೇಳಿ.

ಐಸ್‌ಲ್ಯಾಂಡ್‌ನಲ್ಲಿ ಮುಂದೇನಾಯ್ತು? 1976ರಲ್ಲಿ ಸಮಾನತೆಯ ಕಾನೂನು. 1980ರಲ್ಲಿ ವಿಗ್ದಿಸ್ ಫಿನ್ಬೊಗಾದೊತ್ತಿರ್ ಅಧ್ಯಕ್ಷೆಯಾಗಿ ಆಯ್ಕೆ. ಆದರೂ 2023ರ ಅಕ್ಟೋಬರ್ 24ರಂದು ಅಲ್ಲಿನ ಹೆಂಗಸರು ಮತ್ತೆ ಕೆಲಸ ಬಿಟ್ಟರು, ಆಗಿನ ಪ್ರಧಾನಿ ಕತ್ರಿನ್ ಯಾಕೊಬ್ಸ್‌ದೊತ್ತಿರ್ ಕೂಡ. ಅಂದ್ರೆ, ಮುಗಿದಿಲ್ಲ.

ಕಾಲೇಜಿಗೆ ಸೇರುವಾಗ ಅರ್ಜಿಯಲ್ಲಿ ‘ತಾಯಿಯ ಉದ್ಯೋಗ’ ಅಂತ ಒಂದು ಖಾನೆ ಇತ್ತು. ನಾನು ‘ಇಲ್ಲ’ ಅಂತ ಬರೆದೆ. ಅವತ್ತು ಬೆಳಿಗ್ಗೆ ಐದಕ್ಕೆದ್ದು ನನಗೆ ಬುತ್ತಿ ಕಟ್ಟಿಕೊಟ್ಟಿದ್ದು ಅದೇ ಅಮ್ಮ. ನೀವು ಏನು ಬರೆದಿದ್ರಿ?