ನಾಯಿಯ ಹೃದಯ, ಎತ್ತಿನ ಪಿತ್ತ, ಜೋಳದ ರೊಟ್ಟಿ

ವಿಜಯಪುರದಿಂದ ತಿಕೋಟಾ ಇಲ್ಲವೆ ಬಬಲೇಶ್ವರದ ಕಡೆಗೆ ಹೊರಟರೆ, ತೋಟದ ವಸ್ತಿಗಳ ಮುಂದೆ ಸಣ್ಣ ನಡುವಿನ, ಉದ್ದ ಮೂತಿಯ ನಾಯಿಗಳನ್ನು ನೀವು ನೋಡಿರಬಹುದು. ಕೃಷ್ಣೆಯಾಚೆಯ ಮುಧೋಳದ ಹೆಸರು ಹೊತ್ತ ತಳಿ ಇದು. ಆದಿಲಶಾಹಿಯ ಸರದಾರರಾಗಿದ್ದ ಘೋರ್ಪಡೆ ಮನೆತನದ ಆಶ್ರಯದಲ್ಲಿ ಬೆಳೆದು ಹೆಸರಾಯಿತು. ಮುಧೋಳ ಸಂಸ್ಥಾನ 1948ರಲ್ಲಿ ವಿಲೀನಗೊಂಡ ಬಳಿಕ 1997ರವರೆಗೂ ಆ ಊರು ಅಂದಿನ ಬಿಜಾಪುರ ಜಿಲ್ಲೆಯಲ್ಲೇ ಇತ್ತು. 2005ರಲ್ಲಿ ಈ ನಾಯಿಯ ಚಿತ್ರವಿರುವ ಅಂಚೆ ಚೀಟಿಯೂ ಬಂತು.

ಬೇಟೆಗೆ ಹೆಸರಾದ ಈ ನಾಯಿಗೆ ಹಳ್ಳಿಯಲ್ಲಿ ದಿನನಿತ್ಯ ಸಿಗುವುದು ಮಾತ್ರ ಹೆಚ್ಚಾಗಿ ಜೋಳದ ರೊಟ್ಟಿ, ಜೊತೆಗೆ ಒಂದಿಷ್ಟು ಹಾಲು. ಮಾಂಸ ಅಪರೂಪ. ಹಾಗಾದರೆ ಅದರ ಹೃದಯಕ್ಕೆ ಮಾಂಸ ಬೇಡವೆ? ಈ ಪ್ರಶ್ನೆಗೆ ಉತ್ತರ ಹುಡುಕಿದ ಕಥೆ ಎತ್ತಿನ ಪಿತ್ತರಸದಿಂದ ಶುರುವಾಗುತ್ತದೆ.

1827ರಲ್ಲಿ ಜರ್ಮನಿಯ ಟೀಡೆಮನ್ ಮತ್ತು ಗ್ಮೆಲಿನ್ ಎತ್ತಿನ ಪಿತ್ತದಿಂದ ಒಂದು ಹರಳು ಪದಾರ್ಥವನ್ನು ಬೇರ್ಪಡಿಸಿದರು. ಲ್ಯಾಟಿನ್ನಿನಲ್ಲಿ ಎತ್ತು, ಗೂಳಿಗೆ ‘ಟಾರಸ್’ ಎನ್ನುತ್ತಾರೆ. ಆದ್ದರಿಂದ ಇದಕ್ಕೆ ‘ಟಾರೀನ್’ ಎಂಬ ಹೆಸರು ಬಂತು. ಗಂಧಕವಿರುವ ಈ ಅಮೈನೊ ಆಮ್ಲ ಪ್ರೋಟೀನಿನ ಸರಪಳಿಯೊಳಗೆ ಸೇರುವುದಿಲ್ಲ. ಬಿಡಿಯಾಗಿಯೇ ಸ್ನಾಯುಗಳಲ್ಲಿ, ಅದರಲ್ಲೂ ಹೃದಯದಲ್ಲಿ, ಹೇರಳವಾಗಿ ಇರುತ್ತದೆ. ಕಾಳುಕಡಿಗಳಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ.

ಸುಮಾರು ಒಂದೂವರೆ ಶತಮಾನ ಇದರ ಮಹತ್ವ ಯಾರಿಗೂ ಹೊಳೆಯಲಿಲ್ಲ. 1975ರಲ್ಲಿ, ಹಾಲಿನ ಕೇಸೀನನ್ನೇ ಪ್ರೋಟೀನಾಗಿ ತಿಂದ ಬೆಕ್ಕುಗಳಲ್ಲಿ ಟಾರೀನ್ ಕೊರತೆಯಿಂದ ಅಕ್ಷಿಪಟ ಕೆಡುವುದು ಪ್ರಕಟವಾಯಿತು. 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಪಶುವೈದ್ಯ ಪಾಲ್ ಪಿಯಾನ್ ಮತ್ತು ಸಂಗಡಿಗರು ಇನ್ನೂ ದೊಡ್ಡ ಸುದ್ದಿ ಕೊಟ್ಟರು. ಹೃದಯ ಹಿಗ್ಗಿ, ಗೋಡೆ ತೆಳುವಾಗಿ, ರಕ್ತವನ್ನು ಒತ್ತಲಾರದೆ ಬೆಕ್ಕುಗಳು ಸಾಯುತ್ತಿದ್ದವು. ಅವುಗಳ ರಕ್ತದಲ್ಲಿ ಟಾರೀನ್ ಬಹಳ ಕಡಿಮೆ ಇತ್ತು. ಅದನ್ನು ಕೊಟ್ಟಾಗ ಹೃದಯ ಚೇತರಿಸಿಕೊಂಡಿತು! ಸಿದ್ಧ ಆಹಾರದಲ್ಲಿ ಟಾರೀನ್ ಹೆಚ್ಚಿಸಿದ ಮೇಲೆ ಬೆಕ್ಕುಗಳಲ್ಲಿ ಆ ರೋಗವೇ ವಿರಳವಾಯಿತು.

ನಾಯಿಯ ಲೆಕ್ಕ ಬೇರೆ. ಬೆಕ್ಕಿಗೆ ಟಾರೀನ್ ತಯಾರಿಸುವ ಶಕ್ತಿ ಅತ್ಯಲ್ಪ. ನಾಯಿಯ ಯಕೃತ್ತು ಮೆಥಿಯೊನೀನ್, ಸಿಸ್ಟೀನ್‌ಗಳಿಂದ ಅದನ್ನು ತಯಾರಿಸಿಕೊಳ್ಳುತ್ತದೆ. ಪಿಷ್ಟ ಜೀರ್ಣಿಸುವುದರಲ್ಲೂ ನಾಯಿ ತೋಳಕ್ಕಿಂತ ಮುಂದು. 2013ರ ಒಂದು ಅಧ್ಯಯನದ ಪ್ರಕಾರ ಅಮೈಲೇಸ್ ಜೀನಿನ ಪ್ರತಿಗಳು ತೋಳದಲ್ಲಿ 2, ನಾಯಿಯಲ್ಲಿ 4ರಿಂದ 30. ಮನುಷ್ಯನ ಒಲೆಯ ಪಕ್ಕದ ಸಾವಿರಾರು ವರ್ಷಗಳ ವಾಸ ಅದರ ಜೀನುಗಳಲ್ಲೇ ದಾಖಲಾಗಿದೆ. ರೊಟ್ಟಿ ನಮ್ಮ ನಾಯಿಗೆ ಜೀರ್ಣವಾಗುವುದರಲ್ಲಿ ಆಶ್ಚರ್ಯವಿಲ್ಲ.

ಹಾಗೆಂದು ನಾಯಿ ಪೂರ್ಣ ಸುರಕ್ಷಿತವಲ್ಲ. 1997ರಲ್ಲಿ ಅಮೆರಿಕದ ಕಾಕರ್ ಸ್ಪ್ಯಾನಿಯಲ್ ತಳಿಯ ರೋಗಿಗಳು ಟಾರೀನ್ ಮತ್ತು ಕಾರ್ನಿಟೀನ್ ಪಡೆದು ಸುಧಾರಿಸಿದ ವರದಿ ಬಂತು. 2003ರ ವರದಿಯಲ್ಲಂತೂ ಹೃದಯ ಹಿಗ್ಗಿದ 12 ನಾಯಿಗಳಲ್ಲಿ ಟಾರೀನ್ ಕೊರತೆ ಇತ್ತು. ಅವು ತಿನ್ನುತ್ತಿದ್ದ ಆಹಾರದ ಮುಖ್ಯ ಅಂಶ ಕುರಿಮಾಂಸದ ಪುಡಿ, ಅಕ್ಕಿ ಅಥವಾ ಎರಡೂ! ಪೊಟ್ಟಣದ ಮೇಲೆ ‘ಮಾಂಸ’ ಎಂದಿದ್ದರೆ ಸಾಲದು ಎಂಬುದನ್ನು ಗಮನಿಸಿ. ಆ ಪ್ರೋಟೀನ್ ಎಷ್ಟು ಜೀರ್ಣವಾಗುತ್ತದೆ, ಆಹಾರದ ನಾರು ಪಿತ್ತಲವಣಗಳ ಜೊತೆ ಎಷ್ಟು ಟಾರೀನನ್ನು ಮಲದಲ್ಲಿ ಹೊರಹಾಕುತ್ತದೆ ಎಂಬುದೂ ಮುಖ್ಯ.

2018ರ ಜುಲೈನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಎಚ್ಚರಿಕೆ ನೀಡಿತು. ಧಾನ್ಯವನ್ನು ಬಿಟ್ಟು ಬಟಾಣಿ, ಮಸೂರ, ಆಲೂಗಡ್ಡೆ ತುಂಬಿದ ಆಹಾರ ತಿಂದ ನಾಯಿಗಳಲ್ಲಿ ಈ ಹೃದ್ರೋಗದ ವರದಿಗಳು ಹೆಚ್ಚಿದ್ದವು. 2019ರ ಏಪ್ರಿಲ್ ಕೊನೆಗೆ ನಾಯಿಗಳ ಇಂಥ ವರದಿಗಳ ಸಂಖ್ಯೆ 515. ಆದರೆ ಅನೇಕ ನಾಯಿಗಳ ರಕ್ತದಲ್ಲಿ ಟಾರೀನ್ ಸರಿಯಾಗಿಯೇ ಇತ್ತು. ಕಾರಣ–ಪರಿಣಾಮ ಸಂಬಂಧ ಸ್ಥಾಪಿಸಲು ಇಂಥ ವರದಿಗಳು ಸಾಲವು ಎಂದು 2022ರ ಡಿಸೆಂಬರಿನಲ್ಲಿ ಅದೇ ಸಂಸ್ಥೆ ಹೇಳಿತು. ವಿದ್ಯಾರ್ಥಿಗಳಿಗೆ ‘ಜೊತೆಗೆ ಕಾಣುವುದು’ ಮತ್ತು ‘ಕಾರಣವಾಗುವುದು’ ಇವುಗಳ ವ್ಯತ್ಯಾಸ ತಿಳಿಸಲು ಶಿಕ್ಷಕರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ಈಗ ಮತ್ತೆ ನಮ್ಮ ಜೋಳದ ಸೀಮೆಗೆ ಬನ್ನಿ. ಜೋಳದಲ್ಲಿ ಸುಮಾರು 10 ಶೇಕಡಾ ಪ್ರೋಟೀನ್ ಇದೆ; ಅದರಲ್ಲಿ ಲೈಸೀನ್ ತೀರ ಕೊರತೆ. ತೊಗರಿ ಬೇಳೆ ಲೈಸೀನ್ ಒದಗಿಸುತ್ತದೆ, ಆದರೆ ಟಾರೀನಿಗೆ ಕಚ್ಚಾವಸ್ತುವಾದ ಗಂಧಕಯುಕ್ತ ಅಮೈನೊ ಆಮ್ಲಗಳಲ್ಲಿ ಅದು ಬಡವ. ಮೊಟ್ಟೆಯಲ್ಲಿ ಟಾರೀನ್ ಹೆಚ್ಚಿಲ್ಲದಿದ್ದರೂ ಈ ಕಚ್ಚಾವಸ್ತು ಧಾರಾಳ. ರೊಟ್ಟಿ–ಹಾಲಿನ ಜೊತೆ ಮೊಟ್ಟೆ ಹಾಕುವ ಮನೆಯವರು ತಿಳಿದೋ ತಿಳಿಯದೆಯೋ ಸರಿಯಾದುದನ್ನೇ ಮಾಡುತ್ತಿದ್ದಾರೆ. ಬರಿಯ ರೊಟ್ಟಿಯ ಮೇಲೆ ಮರಿಯನ್ನು ಬೆಳೆಸುವುದು ಮಾತ್ರ ತಪ್ಪು. ಮಾಂಸ ಬೇಯಿಸಿ ಹಾಕುವವರು ಬೇಯಿಸಿದ ನೀರನ್ನು ಚೆಲ್ಲಬಾರದು. ಟಾರೀನ್ ನೀರಿನಲ್ಲಿ ಕರಗಿ ಅದರೊಳಗೆ ಇಳಿದಿರುತ್ತದೆ. ಅಂದ ಹಾಗೆ, ಉಳಿದ ಪಲ್ಯ ಹಾಕುವಾಗ ಉಳ್ಳಾಗಡ್ಡಿ ಇರದಂತೆ ನೋಡಿಕೊಳ್ಳಿ. ಅದು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ನಾಯಿ ಬೇಗ ದಣಿಯುತ್ತಿದ್ದರೆ, ಕೆಮ್ಮುತ್ತಿದ್ದರೆ, ಕುಸಿದು ಬಿದ್ದರೆ ಪಶುವೈದ್ಯರ ಬಳಿ ಒಯ್ಯಬೇಕು. ಅದು ಏನೇನು ತಿನ್ನುತ್ತದೆ ಎಂಬ ಪಟ್ಟಿಯೂ ಜೊತೆಗಿರಲಿ. ಹೃದಯದ ಅಳತೆ ಓದುವಾಗ ತಳಿಯನ್ನೂ ಗಮನಿಸಬೇಕಾಗುತ್ತದೆ: ಓಟದ ನಾಯಿಯಾದ ಗ್ರೇಹೌಂಡಿನ ಹೃದಯ ಆರೋಗ್ಯದಲ್ಲಿಯೂ ಇತರ ತಳಿಗಳಿಗಿಂತ ದೊಡ್ಡದು.