ಸಂಘದ ಕಡತ, ನ್ಯಾಯಾಲಯದ ಕಟಕಟೆ: ವಕೀಲ ಸಿಪಿಯೊ ಆಫ್ರಿಕಾನಸ್ ಜೋನ್ಸ್

ಅಮೆರಿಕದ ಸುಪ್ರೀಂ ಕೋರ್ಟು 1923ರ ಫೆಬ್ರವರಿ 19ರಂದು ಕೊಟ್ಟ ಮೂರ್ ವಿರುದ್ಧ ಡೆಂಪ್ಸಿ ತೀರ್ಪನ್ನು ಸಾಮಾನ್ಯವಾಗಿ ಅದನ್ನು ಬರೆದ ನ್ಯಾಯಮೂರ್ತಿ ಹೋಮ್ಸ್ ಹೆಸರಿನೊಂದಿಗೆ ನೆನೆಯುತ್ತಾರೆ. ವಾದ ಮಂಡಿಸಿದವರು ಬಾಸ್ಟನ್ನಿನ ಮೂರ್‌ಫೀಲ್ಡ್ ಸ್ಟೋರಿ ಮತ್ತು ಅರ್ಕಾನ್ಸಾದ ಯುಲಿಸಿಸ್ ಬ್ರಾಟನ್, ಇಬ್ಬರೂ ಬಿಳಿಯರು. ಆ ಪ್ರಕರಣವನ್ನು ಕೆಳಗಿನ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ಜೀವಂತವಾಗಿಟ್ಟ ಲಿಟ್ಲ್ ರಾಕ್‌ನ ವಕೀಲ ಸಿಪಿಯೊ ಆಫ್ರಿಕಾನಸ್ ಜೋನ್ಸ್ ಅಂದು ವಾದಕ್ಕೆ ನಿಲ್ಲಲಿಲ್ಲ. ಜೋನ್ಸ್ ಬಗ್ಗೆ ಬರೆದವರು ಅವರ ವಕೀಲಿಕೆಯನ್ನು ಒಂದು ಕಡೆ, ಭ್ರಾತೃಸಂಘಗಳ ಸೇವೆಯನ್ನು ಇನ್ನೊಂದು ಕಡೆ ಇಡುವುದುಂಟು. ಎರಡನೆಯದು ಇಲ್ಲದೆ ಮೊದಲನೆಯದು ನಡೆಯುತ್ತಿರಲಿಲ್ಲ ಎಂಬುದು ಈ ಲೇಖನದ ವಾದ.

ಜೋನ್ಸ್ 1863ರಲ್ಲಿ ಅರ್ಕಾನ್ಸಾದ ಡಲ್ಲಾಸ್ ಕೌಂಟಿಯಲ್ಲಿ, ಗುಲಾಮಗಿರಿಯಲ್ಲಿದ್ದ ತಾಯಿಯ ಮಗನಾಗಿ ಹುಟ್ಟಿದರು. ಲಿಟ್ಲ್ ರಾಕ್‌ಗೆ ಬಂದು ಓದಿದರು, ಶಾಲೆಯಲ್ಲಿ ಪಾಠ ಹೇಳಿದರು, ಬಿಳಿಯ ವಕೀಲರ ಕಚೇರಿಯಲ್ಲಿ ಕಾನೂನು ಕಲಿತು 1889ರಲ್ಲಿ ಸನ್ನದು ಪಡೆದರು. ಆ ಕಾಲದಲ್ಲಿ ದಕ್ಷಿಣದ ಕಪ್ಪು ವಕೀಲನಿಗೆ ಕಕ್ಷಿದಾರರು ಎಲ್ಲಿಂದ ಬರಬೇಕು? ಬಿಳಿಯರು ಬರುವುದಿಲ್ಲ. ಕಪ್ಪು ಜನರಲ್ಲೂ ಹಲವರು, ಜ್ಯೂರಿಯೆಲ್ಲ ಬಿಳಿಯರೇ ಇರುವಾಗ ಬಿಳಿಯ ವಕೀಲನೇ ಮೇಲೆಂದು ಲೆಕ್ಕ ಹಾಕುತ್ತಿದ್ದರು. ಈ ತೊಡಕಿನಿಂದ ಜೋನ್ಸ್‌ರನ್ನು ಪಾರು ಮಾಡಿದ್ದು ಮೊಸಾಯಿಕ್ ಟೆಂಪ್ಲರ್ಸ್ ಆಫ್ ಅಮೆರಿಕ.

ಗುಲಾಮರಾಗಿ ಹುಟ್ಟಿದ ಜಾನ್ ಬುಷ್ ಮತ್ತು ಚೆಸ್ಟರ್ ಕೀಟ್ಸ್ 1880ರ ದಶಕದ ಆರಂಭದಲ್ಲಿ ಲಿಟ್ಲ್ ರಾಕ್‌ನಲ್ಲಿ ಕಟ್ಟಿದ ಸಂಘವಿದು. ವಿಮಾ ಕಂಪನಿಗಳು ಮುಖ ಕೊಡದ ಜನರಿಗೆ ಇದು ಮಣ್ಣುಮಾಡುವ ಖರ್ಚನ್ನೂ ಜೀವವಿಮೆಯನ್ನೂ ಒದಗಿಸಿತು. 1913ರಲ್ಲಿ ಅದರ ಕೇಂದ್ರ ಕಟ್ಟಡದ ಸಮರ್ಪಣೆಗೆ ಬುಕರ್ ಟಿ. ವಾಷಿಂಗ್ಟನ್ ಬಂದಿದ್ದರು. 1920ರ ದಶಕದ ಹೊತ್ತಿಗೆ ಸಂಘ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಿಗೆ ಹಬ್ಬಿತ್ತು. ಜೋನ್ಸ್ ಅದರ ರಾಷ್ಟ್ರೀಯ ಅಟಾರ್ನಿ ಜನರಲ್. ಬಿರುದು ಭಾರಿಯಾಗಿ ಕೇಳಿಸಿದರೂ ಕೆಲಸ ಶುಷ್ಕವಾದದ್ದೇ: ಸಂಘದ ನಿಯಮಾವಳಿ, ಸದಸ್ಯತ್ವದ ತಕರಾರು, ಕಂತು ತಪ್ಪಿದವರ ವಾರಸುದಾರರ ದಾವೆ. ಇಂಥ ಕೆಲಸದಲ್ಲಿ ಗೆಲುವು ಸೋಲು ತೀರ್ಮಾನವಾಗುವುದು ಗಡುವಿನ ಮೇಲೆ, ದಾಖಲೆಯ ಒಂದು ಪದದ ಮೇಲೆ. ಮುಂದೆ ಹನ್ನೆರಡು ಜನರ ಪ್ರಾಣ ನಿಂತಿದ್ದೂ ಅಂಥವುಗಳ ಮೇಲೆಯೇ.

1919ರ ಸೆಪ್ಟೆಂಬರ್ 30ರ ರಾತ್ರಿ, ಫಿಲಿಪ್ಸ್ ಕೌಂಟಿಯ ಎಲೈನ್ ಊರಿನ ಬಳಿಯ ಹೂಪ್ ಸ್ಪರ್ ಎಂಬಲ್ಲಿನ ಚರ್ಚಿನಲ್ಲಿ ಹತ್ತಿಯ ಹೊಲಗಳನ್ನು ಕೋರಿಗೆ ಉಳುತ್ತಿದ್ದ ಕಪ್ಪು ರೈತರು ಸಭೆ ಸೇರಿದ್ದರು. ಹತ್ತಿಯ ಲೆಕ್ಕವನ್ನು ಧಣಿಗಳು ಸರಿಯಾಗಿ ಒಪ್ಪಿಸಬೇಕು, ಅದಕ್ಕೆ ವಕೀಲರನ್ನು ಹಿಡಿಯಬೇಕು ಎಂಬುದು ಅವರ ಒಕ್ಕೂಟದ ಉದ್ದೇಶ. ಹೊರಗೆ ಗುಂಡು ಹಾರಿ ಒಬ್ಬ ಬಿಳಿಯ ಸತ್ತ. ಮರುದಿನದಿಂದ ಸಶಸ್ತ್ರ ಗುಂಪುಗಳೂ ಅವುಗಳ ಹಿಂದೆ ಸೈನ್ಯವೂ ಹೊಲಗಳಿಗೆ ನುಗ್ಗಿದವು. ಬಿಳಿಯರಲ್ಲಿ ಐವರು ಸತ್ತರು. ಸತ್ತ ಕಪ್ಪು ಜನರ ಅಂದಾಜು ಕೆಲವು ಹತ್ತುಗಳಿಂದ ನೂರಾರರವರೆಗೆ ಹರಡಿದೆ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಆ ಒಕ್ಕೂಟ ಭ್ರಾತೃಸಂಘದ ಅಚ್ಚಿನಲ್ಲೇ ರೂಪುಗೊಂಡಿತ್ತು. ಪ್ರಮಾಣವಚನ, ಗುಪ್ತ ಸಂಕೇತ ಎಲ್ಲವೂ ಇದ್ದವು. ಕೌಂಟಿಯ ಕೇಂದ್ರವಾದ ಹೆಲೆನಾದ ಪ್ರಮುಖ ಬಿಳಿಯರ ಸಮಿತಿ ಇದೇ ಗುಟ್ಟನ್ನು ಧಣಿಗಳ ಕೊಲೆಯ ಸಂಚೆಂದು ಓದಿತು. ಬಿಳಿಯರ ಮೇಸನ್ ಸಭೆಗಳ ಗುಟ್ಟಿಗೆ ಯಾರೂ ಅಂಥ ಅರ್ಥ ಹಚ್ಚುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಅಂಥ ಸಂಘಗಳ ರೀತಿರಿವಾಜು ಒಳಗಿನಿಂದ ತಿಳಿದಿದ್ದ ಜೋನ್ಸ್‌ಗೆ ಈ ಆರೋಪದ ಪೊಳ್ಳುತನವನ್ನು ಯಾರೂ ವಿವರಿಸಿ ಹೇಳಬೇಕಿರಲಿಲ್ಲ.

ಕೊಲೆಯ ಆರೋಪದಲ್ಲಿ ಕಪ್ಪು ರೈತರ ಮೇಲೆ ನವೆಂಬರಿನಲ್ಲಿ ನಡೆದ ವಿಚಾರಣೆಗಳಿಗೆ ವಿಚಾರಣೆಯ ಹೆಸರಷ್ಟೇ ಇತ್ತು. ನೇಮಿಸಿದ ವಕೀಲರು ಆರೋಪಿಗಳ ಪರ ಸಾಕ್ಷಿಗಳನ್ನು ಕರೆಯಲಿಲ್ಲ. ಜ್ಯೂರಿ ಕೆಲವೇ ನಿಮಿಷಗಳಲ್ಲಿ ಹೊರಬಂತು. ಹನ್ನೆರಡು ಜನರಿಗೆ ಮರಣದಂಡನೆಯಾಯಿತು. ಆಗ ಲಿಟ್ಲ್ ರಾಕ್‌ನ ಕಪ್ಪು ನಾಗರಿಕರು ನಿಧಿ ಕೂಡಿಸಿ ಜೋನ್ಸ್‌ರನ್ನು ನಿಯೋಜಿಸಿದರು; ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಸ್ಥೆ ಅರ್ಕಾನ್ಸಾ ರಾಜ್ಯದ ಹಿಂದಿನ ಅಟಾರ್ನಿ ಜನರಲ್ ಜಾರ್ಜ್ ಮರ್ಫಿಯವರನ್ನು ಹಿಡಿಯಿತು. ಮರ್ಫಿ 1920ರಲ್ಲಿ ತೀರಿಕೊಂಡ ಮೇಲೆ ಭಾರವೆಲ್ಲ ಜೋನ್ಸ್ ಹೆಗಲಿಗೆ ಬಿತ್ತು. ಹೆಲೆನಾದಲ್ಲಿದ್ದಾಗ ಅವರು ಒಂದೇ ಮನೆಯಲ್ಲಿ ಎರಡು ರಾತ್ರಿ ಮಲಗುತ್ತಿರಲಿಲ್ಲವೆಂದು ಹೇಳುತ್ತಾರೆ. ದಾರಿಯುದ್ದಕ್ಕೂ ಬಾಗಿಲು ತೆರೆಯುವ ಜನರಿಲ್ಲದೆ ಅಂಥ ಓಡಾಟ ಸಾಧ್ಯವಿಲ್ಲ.

ಆ ಹನ್ನೆರಡರಲ್ಲಿ ಆರು ಜನರ ತೀರ್ಪಿನಲ್ಲಿ ಕೊಲೆಯ ದರ್ಜೆಯನ್ನು ಜ್ಯೂರಿ ನಮೂದಿಸಿರಲಿಲ್ಲ. ಅಷ್ಟಕ್ಕೇ ರಾಜ್ಯದ ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು. ಮರುವಿಚಾರಣೆಯಲ್ಲಿ ಮತ್ತೆ ಅದೇ ಶಿಕ್ಷೆ. ಜ್ಯೂರಿಯಿಂದ ಕಪ್ಪು ಜನರನ್ನು ಹೊರಗಿಟ್ಟದ್ದಕ್ಕೆ ಸಾಕ್ಷ್ಯ ಕೇಳಲು ನ್ಯಾಯಾಧೀಶರು ಒಪ್ಪದ್ದರಿಂದ ಅದೂ 1920ರ ಡಿಸೆಂಬರಿನಲ್ಲಿ ಬಿದ್ದುಹೋಯಿತು. ಆಮೇಲೆ ಸರ್ಕಾರ ವಿಚಾರಣೆಯನ್ನು ಮುಂದೂಡುತ್ತಲೇ ಹೋಯಿತು. ಕಾನೂನು ಕೊಟ್ಟ ಅವಧಿ ಮೀರಿತೆಂದು 1923ರ ಜೂನಿನಲ್ಲಿ ಆ ಆರು ಜನರ ಬಿಡುಗಡೆಯಾಯಿತು. ಕಂತಿನ ಗಡುವಿನ ದಾವೆಗಳಲ್ಲಿ ಪಳಗಿದ ಕಣ್ಣಿನ ಕೆಲಸ ಇದೆಂದು ನನ್ನ ಊಹೆ.

ಉಳಿದ ಆರು ಜನರ ಮರಣದಂಡನೆಗೆ 1921ರ ಜೂನ್ 10 ಗೊತ್ತಾಗಿತ್ತು. ಎರಡು ದಿನ ಮೊದಲು ಜೋನ್ಸ್ ಮತ್ತು ಅವರ ಸಹವಕೀಲ ಎಡ್ಗರ್ ಮ್ಯಾಕ್‌ಹೇನಿ, ಕ್ರಿಮಿನಲ್ ಅಧಿಕಾರವೇ ಇಲ್ಲದ ಚಾನ್ಸರಿ ನ್ಯಾಯಾಲಯದಿಂದ ಹೇಬಿಯಸ್ ಕಾರ್ಪಸ್ ಆದೇಶ ತಂದರು. ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು, ಆದರೆ ಅಷ್ಟರಲ್ಲಿ ದಿನಾಂಕ ಕಳೆದುಹೋಗಿತ್ತು. ನಂತರದ ಫೆಡರಲ್ ಅರ್ಜಿಗೆ ಅವರು ರೈಲ್ವೆಯ ಭದ್ರತಾ ಕೆಲಸದಲ್ಲಿದ್ದ ಇಬ್ಬರು ಬಿಳಿಯರ ಅಫಿಡವಿಟ್ ಲಗತ್ತಿಸಿದರು: ಸಾಕ್ಷಿ ಹೇಳಿಸಲು ಕೈದಿಗಳನ್ನು ಚಾವಟಿಯಿಂದ ಹೊಡೆದವರಲ್ಲಿ ತಾವೂ ಇದ್ದೆವೆಂದು ಅವರು ಒಪ್ಪಿಕೊಂಡಿದ್ದರು. ಗುಂಪಿನ ಬೆದರಿಕೆಯಲ್ಲಿ ನಡೆದ ವಿಚಾರಣೆಯ ಸತ್ಯಾಂಶವನ್ನು ಫೆಡರಲ್ ನ್ಯಾಯಾಧೀಶರೇ ಪರಿಶೀಲಿಸಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟು ಮೂರ್ ವಿರುದ್ಧ ಡೆಂಪ್ಸಿ ತೀರ್ಪಿನಲ್ಲಿ 6–2ರ ಬಹುಮತದಿಂದ ಹೇಳಿತು.

ಆ ಪರಿಶೀಲನೆ ನಡೆಯಲೇ ಇಲ್ಲ. ಜೋನ್ಸ್ ಸಂಧಾನಕ್ಕೆ ಇಳಿದರು. ರಾಜ್ಯಪಾಲ ಮ್ಯಾಕ್‌ರೇ ಶಿಕ್ಷೆಯನ್ನು ಹನ್ನೆರಡು ವರ್ಷಕ್ಕೆ ಇಳಿಸಿ, 1925ರ ಜನವರಿಯಲ್ಲಿ ಆರು ಜನರನ್ನೂ ಹೊರಬಿಟ್ಟರು. ನಿರಪರಾಧಿಗಳೆಂಬ ಘೋಷಣೆ ಸಿಗಲಿಲ್ಲ. ಇದನ್ನು ರಾಜಿ ಎಂದು ಟೀಕಿಸಬಹುದು. ಆದರೆ ಮೊಸಾಯಿಕ್ ಸಂಘದ ವಕೀಲನಿಗೆ ತತ್ವಕ್ಕಿಂತ ಮೊದಲು ಸದಸ್ಯನ ಮನೆ ಕಾಣುತ್ತದೆ. ಆರು ಜನ ಜೀವಂತ ಮನೆಗೆ ಹೋಗುವುದು ಅವರ ಲೆಕ್ಕದಲ್ಲಿ ಹೆಚ್ಚು ತೂಗಿತು, ಸರಿಯಾಗಿಯೇ ತೂಗಿತು.

ಜೋನ್ಸ್‌ರ ನಾಗರಿಕ ಬದುಕಿನ ಉಳಿದ ಭಾಗವನ್ನು ಬೇಗ ಹೇಳಬಹುದು. ರಿಪಬ್ಲಿಕನ್ ಪಕ್ಷವನ್ನು ಬಿಳಿಯರಿಗಷ್ಟೇ ಮೀಸಲಿಡಲು ಹೊರಟವರ ವಿರುದ್ಧ ದಶಕಗಳ ಕಾಲ ಸೆಣಸಿದರು, ಪಕ್ಷದ ರಾಷ್ಟ್ರೀಯ ಸಮಾವೇಶಗಳಿಗೆ ಪ್ರತಿನಿಧಿಯಾಗಿ ಹೋದರು. ಮೊಸಾಯಿಕ್ ಸಂಘ ಮಹಾ ಆರ್ಥಿಕ ಕುಸಿತದಲ್ಲಿ ಮುಳುಗಿತು. ಆದರೂ 1942ರಲ್ಲಿ ಲಿಟ್ಲ್ ರಾಕ್‌ನ ಕಪ್ಪು ಶಿಕ್ಷಕಿ ಸೂ ಮಾರಿಸ್ ಸಮಾನ ವೇತನಕ್ಕೆ ದಾವೆ ಹೂಡಿದಾಗ, ತರುಣ ವಕೀಲ ಥರ್ಗುಡ್ ಮಾರ್ಷಲ್ ಜೊತೆ ಎಂಬತ್ತರ ಹೊಸ್ತಿಲಲ್ಲಿದ್ದ ಜೋನ್ಸ್ ಕೂಡ ವಕಾಲತ್ತು ಹಾಕಿದರು. ಇಲ್ಲಿಯೂ ಸ್ಥಳೀಯ ಬೆನ್ನೆಲುಬಾಗಿ ನಿಂತದ್ದು ಒಂದು ಸಂಘವೇ, ಊರಿನ ಕಪ್ಪು ಶಿಕ್ಷಕರದು. ಜೋನ್ಸ್ 1943ರ ಮಾರ್ಚಿನಲ್ಲಿ ತೀರಿಕೊಂಡರು. ಮೊದಲ ನ್ಯಾಯಾಲಯದಲ್ಲಿ ಸೋತ ಆ ದಾವೆ 1945ರಲ್ಲಿ ಮೇಲ್ಮನವಿಯಲ್ಲಿ ಗೆದ್ದಿತು.